ರೈಲ್ವೆ ಕಚೇರಿ, ರಾಜಕುಮಾರಿಯ ಮನೆ: ಧಾರವಾಡ ಮೈಸೂರು ಓಡಾಟ

ಬುಧವಾರ, ಹುಬ್ಬಳ್ಳಿಯಿಂದ ಧಾರವಾಡ

ಹುಬ್ಬಳ್ಳಿಯಲ್ಲಿ ಇಳಿದಾಗ ಸೋನೆ ಮಳೆ ಹಿಡಿದಿತ್ತು. ಧಾರವಾಡಕ್ಕೆ ನೇರವಾಗಿ ಹೋಗಬಹುದಿತ್ತು, ಆದರೂ ಇಲ್ಲೇ ಇಳಿದೆವು. ಮಾವನಿಗೆ ಇಲ್ಲಿನ ಪ್ಲಾಟ್‌ಫಾರಂ ಮೇಲೆ ಒಮ್ಮೆ ನಡೆಯಬೇಕಿತ್ತು. 1507 ಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು. ನನ್ನ ಸೋದರಮಾವ ರೈಲ್ವೆಯಲ್ಲೇ ದುಡಿದು ನಿವೃತ್ತರಾದವರು. ಮಂಡಿ ನೋವು ಮರೆತು ಒಂದು ತುದಿಯಿಂದ ಹೊರಟೇಬಿಟ್ಟರು. ನಾನು ಬ್ಯಾಗು ಹೊತ್ತು ಹಿಂದೆ ನಡೆದೆ.

ಈ ಓಡಾಟ ಶುರುವಾಗಿದ್ದೇ ನಮ್ಮಿಬ್ಬರ ಮಾತಿನಿಂದ. ಓದಿಗೆಂದು ಕಟ್ಟದ, ಆದರೆ ಕೊನೆಗೆ ಓದುವವರ ಪಾಲಾದ ಕಟ್ಟಡಗಳನ್ನು ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ರಾಜಕುಮಾರಿಯೊಬ್ಬರ ಮನೆಯಾಗಿದ್ದ ಮೈಸೂರಿನ ಜಯಲಕ್ಷ್ಮಿ ವಿಲಾಸದ ಹೆಸರು ಹೇಳಿದೆ. ಮಾವ ತಕ್ಷಣ, "ಹಾಗಾದ್ರೆ ಮೊದಲು ಧಾರವಾಡಕ್ಕೆ ಹೋಗೋಣ. ಅಲ್ಲಿನ ಕಾಲೇಜು ನಮ್ಮ ಇಲಾಖೆಯ ಹಳೇ ಮನೆ" ಎಂದರು.

ಸ್ಟೇಷನ್ನಿನ ಹೊರಗೆ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಸಿಗುತ್ತದೆ. ನಿಲ್ದಾಣದಲ್ಲೇ ಟಿಕೆಟ್ ತಗೊಂಡು ಒಳಗೆ ಹೋಗಬೇಕು. ಎಕ್ಸ್‌ಪ್ರೆಸ್ ಬಸ್ಸಾದರೆ ನಿಲುಗಡೆ ಕಡಿಮೆ, ತನ್ನದೇ ದಾರಿ ಇರುವುದರಿಂದ ಟ್ರಾಫಿಕ್ಕಿನ ಚಿಂತೆಯೂ ಇಲ್ಲ. ಉಣಕಲ್ ಕೆರೆ ದಾಟುವ ಹೊತ್ತಿಗೆ ಮಳೆ ಜೋರಾಯಿತು. ನವಲೂರಿನ ಕಡೆಗೆ ಬಂದಂತೆ ಮಣ್ಣಿನ ಬಣ್ಣ ಕೆಂಪಾಗುತ್ತಾ ಬಂತು, ಮರಗಳು ಜಾಸ್ತಿಯಾದವು. ಗಾಳಿಯಲ್ಲಿ ಒಂದು ಬಗೆಯ ತಂಪು. ಧಾರವಾಡ ಬಂತು ಅಂತ ಮೈಗೇ ಗೊತ್ತಾಗುತ್ತದೆ.

ಲಾಡ್ಜಿನಲ್ಲಿ ಸಾಮಾನಿಟ್ಟು ನೇರ ಖಾನಾವಳಿಗೆ ಹೋದೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳುತ್ತಲೇ ಇತ್ತು. "ಇನ್ನೊಂದ ರೊಟ್ಟಿ ಹಾಕಲೇನ್ರಿ ಅಕ್ಕಾರ?" ಎಂದು ಕೇಳಿದ ಹೆಂಗಸು ನನ್ನ ಉತ್ತರಕ್ಕೆ ಕಾಯಲಿಲ್ಲ, ಹಾಕಿಯೇ ಹೋದರು.

ಊಟವಾದ ಮೇಲೆ ಕೆ.ಸಿ.ಡಿ. ಕರ್ನಾಟಕ ಕಾಲೇಜನ್ನು ಧಾರವಾಡದಲ್ಲಿ ಎಲ್ಲರೂ ಹಾಗೇ ಕರೆಯುವುದು. ಮಧ್ಯಾಹ್ನದ ಕ್ಲಾಸುಗಳು ಮುಗಿಯುವ ಹೊತ್ತಿಗೆ ಹೋಗಿ ಗೇಟಿನಲ್ಲಿ ವಿಷಯ ಹೇಳಿದೆವು. "ನೋಡ್ಕೊಂಡ ಬರ್ರಿ, ಕ್ಲಾಸ್ ನಡದಲ್ಲಿ ಮಾತ್ರ ಹೋಗಬ್ಯಾಡ್ರಿ" ಎಂದರು. ಅಷ್ಟೇ ಸಾಕಿತ್ತು.

ಮಳೆಯಲ್ಲಿ ನೆನೆದ ಕಲ್ಲಿನ ಕಟ್ಟಡದ ಎದುರು ಮಾವ ಸುಮ್ನೆ ನಿಂತುಬಿಟ್ಟರು. ಚೂಪು ಕಮಾನುಗಳು, ಉದ್ದದ ಮೊಗಸಾಲೆ, ದಪ್ಪ ಗೋಡೆಗಳು. ಕಾಲೇಜಿಗೆ ಇಷ್ಟು ದರ್ಪ ಯಾಕೆ ಅನ್ನಿಸಬಹುದು. ಕಟ್ಟಿಸಿದವರು ಯಾರು ಅಂತ ತಿಳಿದರೆ ಅರ್ಥವಾಗುತ್ತದೆ. ಇದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು.

ಆ ಕಂಪನಿಯ ಹುಟ್ಟಿನ ಹಿಂದೆ ಒಂದು ದೊಡ್ಡ ಸಂಕಟವಿದೆ. 1876ರಿಂದ 78ರವರೆಗೆ ಬಂದ ಬರದಲ್ಲಿ ಈ ಸೀಮೆಯ ಜನ ಲೆಕ್ಕವಿಲ್ಲದಷ್ಟು ಸತ್ತರು. ಬೇರೆ ಕಡೆಯಿಂದ ಕಾಳು ತರಿಸೋಣವೆಂದರೆ ಗಾಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ರೈಲಿದ್ದರೆ ಧಾನ್ಯ ತಲುಪಿಸಬಹುದು ಎಂಬ ಮಾತು ಆಗ ಬಲವಾಯಿತು. 1882ರಲ್ಲಿ ಕಂಪನಿ ಶುರುವಾಯಿತು. 1884ರಲ್ಲಿ ಹೊಟಗಿಯಿಂದ ಗದಗದವರೆಗೆ ಮೀಟರ್ ಗೇಜ್ ಹಳಿ ಬಂತು. 1888ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಗೋವಾದ ಮಾರ್ಮಗೋವಾ ಬಂದರಿನವರೆಗೂ ಕೊಂಡಿ ಬೆಸೆಯಿತು. ಬರಕ್ಕೆಂದು ಬಂದ ರೈಲು ಈ ಭಾಗದ ಹತ್ತಿಯನ್ನು ಬಂದರಿಗೆ ಸಾಗಿಸತೊಡಗಿತು.

ಇದನ್ನೆಲ್ಲ ಮಾವ ಹೇಳುತ್ತಿದ್ದುದು ಮೊಗಸಾಲೆಯಲ್ಲಿ ನಡೆಯುತ್ತಾ. ಈ ಕೋಣೆಗಳಲ್ಲಿ ಕೂತು ಗುಮಾಸ್ತರು ಎಷ್ಟು ಸ್ಟೇಷನ್ನುಗಳ ಲೆಕ್ಕ ಬರೆದಿರಬಹುದು ಅನ್ನುವುದು ಅವರ ಯೋಚನೆ. ಒಂದು ತರಗತಿಯ ಬಾಗಿಲಲ್ಲಿ ಇಣುಕಿದರು. ಹುಡುಗಿಯೊಬ್ಬಳು ಕಪ್ಪು ಹಲಗೆಯ ಮೇಲಿದ್ದುದನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದಳು.

1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಇಷ್ಟು ದೊಡ್ಡ ಕಟ್ಟಡಕ್ಕೆ ಮೊದಲಿನ ಕೆಲಸ ಉಳಿಯಲಿಲ್ಲ. "ಹೋದ ಕಚೇರಿ ವಾಪಸ್ ಬರೋಕೆ 95 ವರ್ಷ ಬೇಕಾಯ್ತು" ಎಂದರು ಮಾವ. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಶುರುವಾದದ್ದನ್ನು ಅವರು ಹೇಳುತ್ತಿದ್ದರು. ಅಷ್ಟರಲ್ಲಿ ಈ ಮನೆಗೆ ಬೇರೆ ಯಜಮಾನರು ಬಂದಾಗಿತ್ತು.

ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಹೆಚ್ಚು ಓದಬೇಕೆಂದರೆ ಹುಡುಗರು ಪುಣೆಗೋ ಮುಂಬೈಗೋ ಹೋಗಬೇಕು. ಬೇಂದ್ರೆಯವರು ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಹಣವಿದ್ದವರು, ನೆಂಟರಿದ್ದವರು ಹೋದರು. ಇಲ್ಲದವರ ಓದು ಅಲ್ಲಿಗೇ ನಿಂತಿತು. ನಮ್ಮ ಭಾಗಕ್ಕೂ ಒಂದು ಕಾಲೇಜು ಬೇಕು ಅಂತ ಇಲ್ಲಿನವರು ಕೇಳುತ್ತಲೇ ಇದ್ದರು. ಆ ಕಾಲೇಜಿಗೆ ರೈಲ್ವೆಯ ಈ ಕಲ್ಲುಮನೆ ದಕ್ಕಿತು. ವಿ.ಕೃ. ಗೋಕಾಕರು ಓದಿದ್ದು ಈ ಕಾಲೇಜಿನಲ್ಲಿ. ಗಿರೀಶ ಕಾರ್ನಾಡರು ಇಲ್ಲೇ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ 1958ರಲ್ಲಿ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋದರು. ಇಬ್ಬರಿಗೂ ಜ್ಞಾನಪೀಠ ಬಂತು.

ಹೊರಗೆ ಬರುವಾಗ ಮಾವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ರಸ್ತೆಯ ಬದಿಯಲ್ಲಿ ದೊಡ್ಡ ಕೊಡೆ ನೆಟ್ಟುಕೊಂಡು ಚಪ್ಪಲಿ ಹೊಲಿಯುವವರೊಬ್ಬರು ಕೂತಿದ್ದರು. "ಮಳ್ಯಾಗ ಈ ಚಪ್ಪಲ್ ನಡ್ಯಾಂಗಿಲ್ರಿ ಯಜಮಾನ್ರ. ಎರಡ ನಿಮಿಷ ಕೂಡ್ರಿ" ಎಂದು ಗೋಣಿಚೀಲ ಹಾಸಿದರು. ಎಲ್ಲಿಂದ ಬಂದಿರಿ, ಏನು ನೋಡಲು ಬಂದಿರಿ ಅಂತೆಲ್ಲ ಕೇಳಿದರು. ಇದು ಮೊದಲು ರೈಲ್ವೆ ಆಫೀಸಾಗಿತ್ತು ಎಂದು ಮಾವ ಹೇಳಿದಾಗ ದಾರ ಎಳೆಯುತ್ತಲೇ ತಲೆ ಆಡಿಸಿದರು. "ಗೊತ್ತೈತ್ರಿ. ನಮ್ಮಪ್ಪ ಹೇಳತಿದ್ದ. ಆವಾಗ ನಮ್ಮಂಥವರಿಗೆ ಒಳಗ ಏನ ಕೆಲಸ ಇರತಿತ್ರಿ? ನನ್ನ ಮಗಳು ಇಲ್ಲೇ ಬಿ.ಎ. ಮುಗಿಸ್ಯಾಳ್ರಿ. ಈಗ ಬಿ.ಎಡ್. ಮಾಡಾಕತ್ತಾಳ."

ಆ ಮಾತು ಕೇಳಿದ ಮೇಲೆ ನಾನು ಕಟ್ಟಡವನ್ನು ಇನ್ನೊಮ್ಮೆ ತಿರುಗಿ ನೋಡಿದೆ. ಕಟ್ಟಡದ ಚರಿತ್ರೆ ಬರೆಯುವಾಗ ಕಟ್ಟಿಸಿದವರ ಹೆಸರು, ಶೈಲಿ, ಖರ್ಚು ಇವಿಷ್ಟೇ ಬರುತ್ತವೆ. ಆಮೇಲೆ ಅದರೊಳಗೆ ಯಾರು ಕಾಲಿಟ್ಟರು ಎಂಬುದೂ ಬರಬೇಕು ಅಲ್ವಾ? ನನಗೆ ಅದೇ ಮುಖ್ಯ ಭಾಗ ಅನ್ನಿಸುತ್ತದೆ.

ಗುರುವಾರ, ಗುಡ್ಡದ ಮೇಲೆ

ಬೆಳಗ್ಗೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೊರಟೆವು. ಊರಿನ ಪಶ್ಚಿಮಕ್ಕೆ ಗುಡ್ಡದ ಮೇಲಿದೆ. ಛೋಟಾ ಮಹಾಬಳೇಶ್ವರ ಅಂತ ಈ ಜಾಗಕ್ಕೆ ಹೆಸರು. ಆ ಹೆಸರು ಯಾಕೆ ಬಂತೆಂದು ಮಳೆಗಾಲದಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ. ಬಸ್ಸಿಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಗಾಳಿಗೆ ಮಾವನ ಕೊಡೆ ಮಗುಚಿ ಎರಡು ಕಡ್ಡಿ ಮುರಿಯಿತು. ಈ ಗಾಳಿಗೆ ಕೊಡೆ ನಂಬಬಾರದು, ರೇನ್‌ಕೋಟೇ ಸರಿ. ಪಕ್ಕದಲ್ಲಿ ಹೋಗುತ್ತಿದ್ದ ಹುಡುಗರಿಬ್ಬರು ತಮ್ಮ ದೊಡ್ಡ ಕೊಡೆಯೊಳಗೆ ಮಾವನನ್ನು ಸೇರಿಸಿಕೊಂಡು ಮೇಲಿನವರೆಗೂ ಬಿಟ್ಟುಬಂದರು. ಒಬ್ಬ ಕೊಪ್ಪಳದ ಕಡೆಯವನು, ಇನ್ನೊಬ್ಬ ಶಿರಸಿ ಕಡೆಯವನು.

ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಧಾರವಾಡ ಇನ್ನೂ ಆ ಪ್ರಾಂತ್ಯದಲ್ಲೇ ಇದ್ದ ಕಾಲ. ಆಮೇಲೆ ಕಚೇರಿ ಧಾರವಾಡಕ್ಕೆ ಬಂತು. 1956ರಲ್ಲಿ ಕನ್ನಡ ನಾಡು ಒಂದಾಗುವ ಹೊತ್ತಿಗೆ ಉತ್ತರದ ಜಿಲ್ಲೆಗಳಿಗೆ ಆಗಲೇ ತಮ್ಮದೊಂದು ವಿಶ್ವವಿದ್ಯಾಲಯ ಇತ್ತು. ಇದು ಸಣ್ಣ ಮಾತಲ್ಲ. ಗುಡ್ಡದ ಮೇಲೆ ಈ ದೊಡ್ಡ ಆವರಣ ಎದ್ದು ನಿಂತದ್ದರ ಹಿಂದೆ ಡಿ.ಸಿ. ಪಾವಟೆಯವರ ಶ್ರಮ ಇದೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮೊದಲ ದರ್ಜೆ ಗಳಿಸಿ ರ‍್ಯಾಂಗ್ಲರ್ ಆಗಿದ್ದ ಅವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. ಮುಂದೆ ಪಂಜಾಬಿನ ರಾಜ್ಯಪಾಲರಾದರು. ಈ ಆವರಣಕ್ಕೆ ಪಾವಟೆ ನಗರ ಎಂದೇ ಹೆಸರು.

ಮಂಜು ಮುಸುಕಿ ಮುಖ್ಯ ಕಟ್ಟಡದ ಮೇಲ್ಭಾಗ ಕಾಣುತ್ತಲೇ ಇರಲಿಲ್ಲ. ಹತ್ತಿರ ಹೋದ ಮೇಲೆ ನಿಧಾನಕ್ಕೆ ಬಿಚ್ಚಿಕೊಂಡಿತು. ಇದು ವಿಶ್ವವಿದ್ಯಾಲಯಕ್ಕೆಂದೇ ಕಟ್ಟಿದ ಕಟ್ಟಡ. ಚೆನ್ನಾಗಿದೆ, ಗಂಭೀರವಾಗಿದೆ. ಆದರೂ ನನ್ನ ಮನಸ್ಸು ಕೆಳಗಿನ ರೈಲ್ವೆ ಕಚೇರಿಯಲ್ಲೇ ಸಿಕ್ಕಿಕೊಂಡಿತ್ತು. ಆವರಣದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ಇದೆ. ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹಳೆಯದು, 1939ರದು. ಶಾಸನ, ಶಿಲ್ಪಗಳನ್ನು ನೋಡಬೇಕೆನ್ನುವವರು ಅರ್ಧ ದಿನ ಇಟ್ಟುಕೊಂಡು ಬರುವುದು ಒಳ್ಳೆಯದು. ನಮಗೆ ಅಷ್ಟು ಹೊತ್ತಿರಲಿಲ್ಲ.

ಇಳಿದು ಬರುವಾಗ ಸಾಧನಕೇರಿಯಲ್ಲಿ ನಿಂತೆವು. ಕೆರೆಯ ನೀರಿನ ಮೇಲೆ ಮಳೆಹನಿ. ಗಾಡಿಯವನ ಬಳಿ ಬಿಸಿ ಮಿರ್ಚಿ ಭಜಿ, ಗಿರ್ಮಿಟ್. ಮಾವ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಪ್ಲೇಟು ಹೇಳಿದರು. ಸಂಜೆ ಲೈನ್ ಬಜಾರಿನಲ್ಲಿ ಪೇಡೆಗೆ ಸಾಲು ನಿಂತೆವು. ಕೋವಾವನ್ನು ಕಂದು ಬಣ್ಣ ಬರುವತನಕ ಹುರಿದು, ಸಕ್ಕರೆಯಲ್ಲಿ ಹೊರಳಿಸಿದ ಪೇಡೆ. ಡಬ್ಬಿ ಬಿಸಿ ಬಿಸಿ ಇದ್ದರೆ ಕೂಡಲೇ ಮುಚ್ಚಬೇಡಿ, ಆರಲು ಬಿಡಿ ಅಂತ ಅಂಗಡಿಯವರು ಹೇಳಿದ್ದು ಉಪಯೋಗಕ್ಕೆ ಬಂತು. ಮೈಸೂರಿಗೆ ರಾತ್ರಿ ರೈಲು. ಮಾವ ಧಾರವಾಡ ಸ್ಟೇಷನ್ನಿನಲ್ಲಿ ಕೂತು, "ಈ ಸ್ಟೇಷನ್ನಿನವರಿಗೆ ಒಂದು ಕಾಲದಲ್ಲಿ ದೊಡ್ಡ ಸಾಹೇಬರೆಲ್ಲ ಇದೇ ಊರಲ್ಲಿ ಇರ್ತಿದ್ರು. ಎಷ್ಟು ಹೆದರಿ ಕೆಲಸ ಮಾಡಿರಬೇಕು ನೋಡು" ಎಂದರು.

ಶುಕ್ರವಾರ, ಮೈಸೂರು

ಮೈಸೂರಿನಲ್ಲಿ ಮಳೆ ಇರಲಿಲ್ಲ. ಮೋಡ ಮಾತ್ರ. ಮಾವನ ಒದ್ದೆ ಕೊಡೆ ಲಾಡ್ಜಿನ ಬಾಲ್ಕನಿಯಲ್ಲಿ ಬಿಚ್ಚಿಟ್ಟು, ಸೆಟ್ ದೋಸೆ ಸಾಗು ತಿಂದು ಹೊರಟೆವು. ಮೈಸೂರು ವಿಶ್ವವಿದ್ಯಾಲಯದ ಹಳೆಯ ಕಟ್ಟಡಗಳೆಲ್ಲ ನಡೆದು ನೋಡುವ ದೂರದಲ್ಲೇ ಇವೆ. ಆಟೋ ಬೇಕಿಲ್ಲ. ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳಲ್ಲಿ ನಡೆಯುವುದೇ ಒಂದು ಸುಖ.

ಮೊದಲು ಮಹಾರಾಜ ಕಾಲೇಜು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಕೈಯಲ್ಲಿದ್ದದ್ದು ಮುಖ್ಯವಾಗಿ ಎರಡು ಕಾಲೇಜು. ಮೈಸೂರಿನ ಇದು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅದಕ್ಕೂ ಮೊದಲು ಇವೆರಡೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಸೇರಿ ದೇಶೀ ಸಂಸ್ಥಾನವೊಂದರಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯ ತಂದರು.

ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದ ಹುಡುಗನೊಬ್ಬ, "ರಾಧಾಕೃಷ್ಣನ್ ಅವರ ಸಾರೋಟಿನ ಕತೆ ಗೊತ್ತಾ ಸಾರ್?" ಎಂದು ಮಾವನನ್ನೇ ಕೇಳಿದ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ವಶಾಸ್ತ್ರ ಕಲಿಸಿದರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಮುಟ್ಟಿಸಿದರು. ನಮಗೆ ಕತೆ ಗೊತ್ತಿತ್ತು. ಆದರೂ ಆ ಹುಡುಗ ಕೈಯಾಡಿಸಿ ದಾರಿ ತೋರಿಸುತ್ತಾ ಹೇಳಿದ್ದು ಚೆನ್ನಾಗಿತ್ತು. ನಡುವೆ ತಡೆಯಲು ಮನಸ್ಸಾಗಲಿಲ್ಲ.

ಅಲ್ಲಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಇದೂ ಬೇರೆ ಕಾರಣಕ್ಕೆ ಕಟ್ಟಿದ್ದೇ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷವಾದ ನೆನಪಿಗೆ 1887ರಲ್ಲಿ ಇದರ ಅಡಿಗಲ್ಲು ಹಾಕಿದರು. 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ತಾಳೆಗರಿ ಕಟ್ಟುಗಳು ಊರೂರಿನಿಂದ ಬರತೊಡಗಿದವು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು 1905ರಲ್ಲಿ ಗುರುತಿಸಿದವರು ಇಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ಅದುವರೆಗೆ ಆ ಗ್ರಂಥ ಕಳೆದೇಹೋಗಿದೆ ಎಂದು ಎಲ್ಲರೂ ತಿಳಿದಿದ್ದರು. ರಾಣಿಯ ಹೆಸರಿನ ಭವನ ಇವತ್ತು ನೆನಪಿರುವುದು ಒಬ್ಬ ಗ್ರಂಥಪಾಲಕರ ತಾಳ್ಮೆಯಿಂದ.

ತಾಳೆಗರಿಗಳಿಗೆ ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಯ ವಾಸನೆ ಬಾಗಿಲಲ್ಲೇ ಬರುತ್ತದೆ. ಈ ಎಣ್ಣೆ ಗರಿಗೆ ಮೆದುತನ ಕೊಡುತ್ತದೆ, ಹುಳ ಬರದಂತೆ ತಡೆಯುತ್ತದೆ. ಹಸ್ತಪ್ರತಿ ನೋಡಬೇಕೆಂದರೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯುವುದು ಒಳ್ಳೆಯದು. ಸುಮ್ನೆ ಹೋದವರಿಗೆ ಹೊರಗಿನ ಕಲ್ಲಿನ ಕೆಲಸ ನೋಡಲು ಸಿಗುತ್ತದೆ. ಅದೂ ಕಡಿಮೆಯದೇನಲ್ಲ.

ಸಂಜೆ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗದ್ದೆಗಳಿಗೆಂದು ಕಟ್ಟಿಸಿದ ಕೆರೆ. ಈಗ ಸುತ್ತ ಗದ್ದೆಯಿಲ್ಲ, ನಡೆಯುವವರಿದ್ದಾರೆ. ಹೆಜ್ಜಾರ್ಲೆಗಳು ಮರದ ಮೇಲೆ ಕೂತಿದ್ದವು. ಏರಿಯ ಮೇಲೆ ಕುವೆಂಪು ಬಹಳ ವರ್ಷ ಓಡಾಡಿದವರು. ಮಹಾರಾಜ ಕಾಲೇಜಿನಲ್ಲೇ ವಿದ್ಯಾರ್ಥಿ, ಅಲ್ಲೇ ಅಧ್ಯಾಪಕ, ಅಲ್ಲೇ ಪ್ರಿನ್ಸಿಪಾಲ್, 1956ರಲ್ಲಿ ಕುಲಪತಿ. ಸ್ನಾತಕೋತ್ತರ ಓದಿಗೆ ಬೇರೆಯೇ ಆವರಣ ಬೇಕು ಎಂದು ಅವರು ಜಾಗ ಹುಡುಕಿದಾಗ ಸಿಕ್ಕಿದ್ದು ಈ ಕೆರೆಯ ಆಚೆಗಿನ ನೆಲ. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ.

ಶನಿವಾರ, ಜಯಲಕ್ಷ್ಮಿ ವಿಲಾಸ

ಶಾಲೆಯಲ್ಲಿದ್ದಾಗ ನಮ್ಮನ್ನು ಇಲ್ಲಿನ ಜಾನಪದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಬಂದಿದ್ದರು. ಸೋಮನ ಕುಣಿತದ ಕೆಂಪು ಮುಖ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಆಳೆತ್ತರದ ಗೊಂಬೆಗಳು. ಅವನ್ನು ಮತ್ತೆ ನೋಡಬೇಕೆಂಬ ಆಸೆಯಿತ್ತು. ಆಗಲಿಲ್ಲ. ಕಟ್ಟಡದ ಕೆಲವು ಭಾಗ ಶಿಥಿಲವಾಗಿ ಕುಸಿದಿದ್ದರಿಂದ, ಒಳಗೆ ಬಿಡುವಂತಿರಲಿಲ್ಲ. ಕಾವಲಿನವರು ಒಳ್ಳೆಯ ಮಾತಿನಲ್ಲೇ ಹೇಳಿದರು, "ಹೊರಗಡೆಯಿಂದ ಎಷ್ಟು ಬೇಕಾದ್ರೂ ನೋಡಿ ಸಾರ್. ಹತ್ರ ಮಾತ್ರ ಹೋಗ್ಬೇಡಿ, ಗಾರೆ ಉದುರುತ್ತೆ." ಹೋಗುವವರು ಮೊದಲೇ ವಿಚಾರಿಸಿಕೊಂಡು ಹೋಗಿ. ತೆರೆದಿರದಿದ್ದರೂ ಹೋಗಿ, ಹೊರಗಿನಿಂದ ನೋಡಿದರೂ ಹೋದದ್ದಕ್ಕೆ ಸಾರ್ಥಕ.

ದಿಬ್ಬದ ಮೇಲೆ ಅಗಲಕ್ಕೆ ಹರಡಿಕೊಂಡ ಮನೆ. ಜೋಡಿ ಕಂಬಗಳ ಸಾಲು, ಮೇಲೆ ತ್ರಿಕೋನದ ಮುಖಭಾಗ, ಗಾರೆಯಲ್ಲಿ ಮಾಡಿದ ಗಜಲಕ್ಷ್ಮಿ. ನಾಲ್ವಡಿಯವರು ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ್ದು. ಆಗಿನ ಕಾಲಕ್ಕೆ ಸುಮಾರು 7 ಲಕ್ಷ ರೂಪಾಯಿ ಖರ್ಚು. 125 ಕೋಣೆ, 300 ಕಿಟಕಿ, ಕೆತ್ತನೆಯ ಬಾಗಿಲುಗಳೇ 287. ನಡುವೆ ಬಣ್ಣದ ಗಾಜಿನ ಕಲ್ಯಾಣ ಮಂಟಪ. ಜಯಲಕ್ಷ್ಮಮ್ಮಣ್ಣಿಯವರ ಪತಿ ಸರ್ದಾರ್ ಕಾಂತರಾಜ ಅರಸರು ವಿಶ್ವೇಶ್ವರಯ್ಯನವರ ನಂತರ ದಿವಾನರಾದವರು.

ತಮ್ಮ ನಾಲ್ವಡಿಯವರು 1916ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದರು. ಅಕ್ಕನ ಮನೆ 1959ರಲ್ಲಿ ಅದೇ ವಿಶ್ವವಿದ್ಯಾಲಯದ ಕೈಗೆ ಬಂತು. ಮರುವರ್ಷ ಮಾನಸಗಂಗೋತ್ರಿ ಶುರುವಾಯಿತು. ಆದರೆ ಈ ಮನೆಯ ನಿಜವಾದ ತಿರುವು ಬಂದದ್ದು 1968ರಲ್ಲಿ, ಜಾನಪದ ವಸ್ತುಸಂಗ್ರಹಾಲಯ ಹುಟ್ಟಿದಾಗ. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಇವರ ದುಡಿಮೆ ಅದರ ಹಿಂದಿದೆ. ಹಳ್ಳಿ ಹಳ್ಳಿಯಿಂದ 6500ಕ್ಕೂ ಹೆಚ್ಚು ವಸ್ತು ಸೇರಿದವು. ನೇಗಿಲು, ಕೂರಿಗೆ, ಬೀಸುವ ಕಲ್ಲು, ಕಂಸಾಳೆ, ಸೇರು, ಪಾವು. ಅರಮನೆಯವರ ಮದುವೆ ಮಂಟಪಕ್ಕೆ ರೈತರ ಮನೆಯ ಸಾಮಾನು ಬಂದು ಕೂತಿತು. ಇದಕ್ಕಿಂತ ದೊಡ್ಡ ಮಾತನ್ನು ಆ ಕಟ್ಟಡ ತನ್ನ ಆಯುಷ್ಯದಲ್ಲಿ ಆಡಿಲ್ಲ ಅಂತ ನಾನು ನಂಬುತ್ತೇನೆ.

ನಾವು ಮರದ ಕೆಳಗೆ ಕೂತು ಪೇಡೆ ಬಿಚ್ಚಿದೆವು. ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ಮಾವ ಅವರಿಗೂ ಒಂದು ಕೊಟ್ಟರು. "ಧಾರವಾಡದ್ದಾ?" ಎಂದು ಕೇಳಿ ಮಾತು ಶುರುವಾಯಿತು. ಅವರ ಊರು ಮಂಡ್ಯದ ಕಡೆ. "ಆಗ ಯೂನಿವರ್ಸಿಟಿಯೋರು ನಮ್ಮೂರಿಗೆ ಬಂದಿದ್ರು ಸ್ವಾಮಿ. ಹಳೇ ಸಾಮಾನು ಏನಿದ್ರೂ ಕೊಡಿ ಅಂದ್ರು. ನಮ್ಮಜ್ಜಿ ಅಟ್ಟದ ಮೇಲಿದ್ದ ಕೊಳಗ ಇಳಿಸಿ ಕೊಟ್ಟುಬಿಟ್ಲು. ಮರದ್ದು, ಹಿತ್ತಾಳೆ ಪಟ್ಟಿ ಹೊಡೆದದ್ದು. ನಾನು ಇಲ್ಲಿಗೆ ಓದೋಕೆ ಬಂದಾಗ ಹೋಗಿ ಹುಡುಕಿದೆ. ಇತ್ತು!" ಹೇಳುವಾಗ ಅವರ ಮುಖ ಅರಳಿತು. ಅಜ್ಜಿಯನ್ನು ಒಮ್ಮೆ ಕರೆತಂದು ತೋರಿಸಿದ್ದರಂತೆ. "ನಮ್ಮ ರಾಗಿ ಅಳೆದ ಕೊಳಗ ಅರಮನೇಲಿ ಕೂತದೆ ನೋಡು" ಎಂದು ಅಜ್ಜಿ ಊರಿಗೆಲ್ಲ ಹೇಳಿದಳಂತೆ.

ಈಗ ಕೊಳಗ ಎಲ್ಲಿದೆ ಎಂದು ನಾನು ಕೇಳಿದೆ. "ಒಳಗೇ ಎಲ್ಲೋ ಇಟ್ಟಿರ್ತಾರೆ. ತೆಗೆದ ದಿನ ಮೊದಲು ಬರೋನು ನಾನೇ" ಎಂದರು.

ಮಾವ ಸೂರನ್ನೇ ನೋಡುತ್ತಿದ್ದರು. ಹಳೇ ಸ್ಟೇಷನ್ ಕಟ್ಟಡಗಳ ರಿಪೇರಿ ನೋಡಿದವರು ಅವರು. ಇಂಥ ಮನೆಗೆ ಮೊದಲ ಪೆಟ್ಟು ನೀರಿನದು ಅಂತ ವಿವರಿಸಿದರು. ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಇರುವಲ್ಲೇ ಕೊಳೆಯಲು ಶುರುವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ದಿನ ಚಾವಣಿ ಜಾರುತ್ತದೆ. ಅವಸರಕ್ಕೆ ಸಿಮೆಂಟು ಮೆತ್ತಿದರೆ ಇನ್ನೂ ಕಷ್ಟ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. 2002ರಲ್ಲಿ ಇನ್ಫೋಸಿಸ್ ಫೌಂಡೇಷನ್ 1.17 ಕೋಟಿ ರೂಪಾಯಿ ಕೊಟ್ಟು ಈ ಮನೆಯನ್ನು ದುರಸ್ತಿ ಮಾಡಿಸಿತ್ತು. ಅಷ್ಟು ದೊಡ್ಡ ಕೆಲಸವಾದ ಮೇಲೂ ಈ ಸ್ಥಿತಿ. "ದೊಡ್ಡ ರಿಪೇರಿ ಒಂದ್ಸಲ ಆಗುತ್ತೆ. ದೋಣಿ ತೊಳೆಯೋದು ಪ್ರತಿ ಮಳೆಗಾಲಕ್ಕೂ ಆಗ್ಬೇಕು. ಅದಕ್ಕೆ ಒಬ್ಬ ಖಾಯಂ ಆಳು, ಒಂದು ಏಣಿ ಬೇಕು" ಎಂದರು. ಕೋಟಿ ರೂಪಾಯಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಏಣಿಯ ಸುದ್ದಿ ಬರುವುದಿಲ್ಲ. ಆದರೆ ಕೆ.ಸಿ.ಡಿ. ಯ ಮೊಗಸಾಲೆ ನೋಡಿ ಬಂದ ನನಗೆ ಇನ್ನೊಂದು ಮಾತೂ ಹೊಳೆಯಿತು. ಅಲ್ಲಿ ದಿನವೂ ನೂರಾರು ಮಕ್ಕಳು ಓಡಾಡುತ್ತಾರೆ. ಒಂದು ಹನಿ ಸೋರಿದರೂ ಯಾರಾದರೂ ಬೊಬ್ಬೆ ಹಾಕುತ್ತಾರೆ. ಬಾಗಿಲು ಮುಚ್ಚಿದ 125 ಕೋಣೆಗಳಲ್ಲಿ ಸೋರುವುದು ಯಾರಿಗೆ ತಿಳಿಯಬೇಕು? ಈ ಮನೆ ಬೇಗ ತೆರೆಯಲಿ. ಮ್ಯೂಸಿಯಮ್ಮಿನ ಜೊತೆಗೆ ಒಂದಷ್ಟು ಕ್ಲಾಸೂ ಇಲ್ಲೇ ನಡೆಯಲಿ.

ಮಧ್ಯಾಹ್ನ ಮಾವ ಇನ್ನೊಂದು ವಿಷಯ ತೆಗೆದರು. ನಾಲ್ವಡಿಯವರಿಗೆ ಮೂವರು ಸೋದರಿಯರು, ಮೂವರಿಗೂ ಮೈಸೂರಿನಲ್ಲಿ ಒಂದೊಂದು ದೊಡ್ಡ ಮನೆ. ಚೆಲುವಾಜಮ್ಮಣ್ಣಿಯವರ ಮನೆಯಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ. ಆಹಾರದ ಮೇಲೆ ಸಂಶೋಧನೆ ನಡೆಯುವ ಸಂಸ್ಥೆ. ಕೃಷ್ಣಾಜಮ್ಮಣ್ಣಿಯವರ ಕಾರಂಜಿ ವಿಲಾಸದಲ್ಲಿ ಅಂಚೆ ತರಬೇತಿ ಕೇಂದ್ರ. ಕ್ಷಯ ರೋಗಕ್ಕೆ ತುತ್ತಾದ ಅವರ ಹೆಸರಿನಲ್ಲೇ ಮೈಸೂರಿನ ಕ್ಷಯ ಆಸ್ಪತ್ರೆ ಇರುವುದು. ಅಂದರೆ ಮೂರು ಮನೆಯೂ ಊರಿನ ಪಾಲಿಗೆ ಬಂದಿವೆ. ಮೂರನ್ನೂ ಒಂದೇ ಸಲಕ್ಕೆ ನೋಡಿಬಿಡೋಣ ಅಂತ ಮಾವನ ಹಟ.

ಆಟೋದಲ್ಲಿ ಸಿ.ಎಫ್.ಟಿ.ಆರ್.ಐ. ಗೇಟಿಗೆ ಹೋದೆವು. ಒಳಗೆ ಹೋಗಲು ಮೊದಲೇ ಅನುಮತಿ ಬೇಕು, ಗೇಟಿನಿಂದ ಕಂಡಷ್ಟೇ ನಮ್ಮ ಪಾಲಿಗೆ. ಗುಂಡು ಕಂಬ, ಬಿಳಿ ಗೋಡೆ, ಎದುರಿಗೆ ತೋಟ. ಶನಿವಾರವಾದರೂ ಒಳಗೆ ಯಾರೋ ಬಿಳಿ ಕೋಟಿನವರು ಅವಸರದಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಮಾವನಿಗೆ ಅದು ಬಹಳ ಹಿಡಿಸಿತು. "ನೋಡು, ಇಲ್ಲಿ ಸೋರಲ್ಲ" ಎಂದರು.

ಕಾರಂಜಿ ವಿಲಾಸಕ್ಕೆ ಹೊತ್ತಾಗಿತ್ತು, ಬೆಂಗಳೂರಿನ ರೈಲಿಗೆ ಮುಕ್ಕಾಲು ಗಂಟೆಯಷ್ಟೇ ಉಳಿದಿತ್ತು. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಬೇಕು, ಅದೂ ವಾರದ ದಿನ ಬರಬೇಕು, ಅಂಚೆ ಇಲಾಖೆಗೆ ಈಗಲೇ ಪತ್ರ ಹಾಕಿಡು ಎಂದು ಮಾವ ರೈಲು ಹತ್ತುವ ಮೊದಲೇ ನನಗೆ ಕೆಲಸ ಹಚ್ಚಿದರು.